ಮಾದಪ್ಪನಿಗೆ ಹೊತ್ತ ಹರಕೆ

ಹರವೆಯ ಪುಟ್ಟಮಲ್ಲಪ್ಪ ಡೈರಿಗೆ ಹಾಲು ಹಾಕಲೂ ಸ್ಕೂಟರ್ ಏರುವ ಆಸಾಮಿ. ಅಂಥವನು ಈ ವಯಸ್ಸಿನಲ್ಲಿ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದೇ ಹೋಗುತ್ತೇನೆಂದು ತಯಾರಿ ಶುರು ಮಾಡಿದಾಗ ಹೆಂಡತಿ ಗಂಗಾಂಬಿಕೆಗೆ ಗುಮಾನಿ ಹತ್ತಿತು. ಬೇಡಿದ್ದು ಕೈಗೂಡಿದ ಮೇಲಲ್ಲವೇ ಯಾರಾದರೂ ನಡೆದು ಹರಕೆ ತೀರಿಸುವುದು? ಇವನಿಗೆ ಗುಟ್ಟಾಗಿ ಕೈಗೂಡಿದ್ದಾದರೂ ಏನು? ಯಾವುದೋ ಕಾಯಿಲೆ ಮುಚ್ಚಿಟ್ಟಿದ್ದನೇ? ಅಂಗಿ ಜೇಬನ್ನೆಲ್ಲ ತಡಕಿದಳು. ಅಡಿಕೆಪುಡಿ ಬಿಟ್ಟರೆ ಏನೂ ಸಿಗಲಿಲ್ಲ.

"ನಿಜ ಬೊಗಳಿ, ಏನಾಗಿತ್ತು ನಿಮ್ಗೆ?"

ಅವನು ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಲೇ ಹೇಳಿದ. "ನಂಗೇನಾಗಿತ್ತು? ಓದ್ವರ್ಸ ತಂಗಿ ಮನೆಗೆ ಅಂತ ಸುಳ್ಳೇಳಿ, ಎದೆ ಗಂಟು ತೋರ್ಸಕೆ ಮೈಸೂರಿಗೆ ಓಗಿದ್ದೋಳು ನೀನು. ಅದು ಕೆಟ್ಟ ಗಂಟಲ್ಲ ಅಂತ ಬಂದ್ರೆ ನಡ್ಕೊಂಡೇ ಬತ್ತೀನಿ ಅಂದಿದ್ದೆ ಕಣಮ್ಮಿ."

"ಅದನ್ನ ನಿಮ್ಗೆ ಊದಿದೋರ್ಯಾರು?" ಎಂದು ಗಂಗಾಂಬಿಕೆ ಗದರಿದಳು. ಗದರುತ್ತಲೇ ಎಣ್ಣೆ ಬಟ್ಟಲನ್ನು ತನ್ನ ಪಾದದ ಕಡೆಗೆ ಎಳೆದುಕೊಂಡಳು.