ದೀಪದ ಕಂಬದ ಹೊಟ್ಟೆಯೊಳಗೆ

ಗ್ರಾಂಟ್ ರೋಡ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ವಿಜಯಪುರದ ಸೋಮವ್ವ ಹದಿನೇಳು ವರ್ಷದಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹದಿನೈದು ದಿನದ ಹಿಂದೆ ಬಂದ ದೀಪದ ಕಂಬಗಳು ಅವಳಿಗೆ ಜಾಗ ಬಿಡು ಎಂದವು. ಕಂಬಗಳಿಗೆ ಬಾಯಿಲ್ಲ, ನಿಜ. ಅವುಗಳ ಪರವಾಗಿ ಹೇಳಿದವನು ಬಸವಂತರಾಯ. ಗಲ್ಲಿಗೆ ಹಳೇ ಕಾಲದ ರೂಪ ಕೊಟ್ಟು ನೂರು ವರ್ಷ ಹಿಂದಕ್ಕೆ ತಳ್ಳುವ ಕೆಲಸ ವಹಿಸಿಕೊಂಡ ಪಾಲಿಕೆಯ ಸಾಹೇಬ.

ಕಪ್ಪು ಕಂಬ, ಮೇಲೆ ಗಾಜಿನ ಲಾಟೀನು, ಅದರ ಕೆಳಗೆ ಬಾಯಿ ತೆರೆದ ಸಿಂಹ. ನೋಡಲೇನೋ ಚೆಂದವೇ. ಆದರೆ ಪಕ್ಕದಲ್ಲಿದ್ದ ಸೋಮವ್ವನ ನೀಲಿ ತಾಡಪತ್ರಿಯ ಸೂರು, ಗ್ಯಾಸ್ ಒಲೆ, ಕ್ಯೂಆರ್ ಚೀಟಿ ಸಾಹೇಬನ ಕಣ್ಣಿಗೆ ಚುಚ್ಚಿದವು.

"ಯೆ ಸಬ್ ಮಾಡರ್ನ್ ಹೈ, ಬಾಯಿ. ಇಧರ್ ಪುರಾನಾ ಲುಕ್ ಮಂಗ್ತಾ," ಎಂದ. ಇಲ್ಲಿ ಹಳೇ ಕಾಲದ ನೋಟವೇ ಬೇಕಂತೆ. ಕಲಬುರಗಿಯವನಾದರೂ ಅವನ ಬಾಯಿಂದ ಕನ್ನಡ ಉದುರುತ್ತಿರಲಿಲ್ಲ. ಶನಿವಾರ ನೋಟೀಸು ತರುತ್ತೇನೆ, ಸೋಮವಾರ ಇಲ್ಲಿ ಒಲೆ ಕಾಣಬಾರದು ಎಂದು ಹೇಳಿಹೋದ.

ಸೋಮವ್ವನ ಮೈ ಉರಿದುಹೋಯಿತು. ಬೊರಿವಲಿಗೆ ಲೋಕಲ್ ರೈಲು ಹಿಡಿಯುವ ಮುನ್ನ ರೊಟ್ಟಿ ಕಟ್ಟಿಸಿಕೊಳ್ಳುವ ಜನ ಅವಳನ್ನು ಇನ್ನೆಲ್ಲಿ ಹುಡುಕಿಯಾರು? ಈ ಜಾಗ ಹೋದರೆ ಅವಳ ಪಾಲಿಗೆ ಮುಂಬಯಿಯೇ ಹೋದಂತೆ.

ಅಂದು ಮುಸ್ಸಂಜೆ ದೀಪ ಹತ್ತಿತು. ದೀಪ ಯಾರದೇ ಇರಲಿ, ಹತ್ತಿದೊಡನೆ ಕೈಮುಗಿಯುವುದು ಅವಳಿಗೆ ತವರಿನಿಂದ ಬಂದ ರೂಢಿ. ಸಿಟ್ಟಿನಲ್ಲೇ ಕೈಮುಗಿದು ತಲೆ ಎತ್ತಿದಳು. ಸಿಂಹದ ಬಾಯೊಳಗೆ ಕೆಂಪು ಚುಕ್ಕಿಯೊಂದು ಮಿಣುಕುತ್ತಿತ್ತು.

"ಎಲಾ ಇದರ! ಕ್ಯಾಮೆರಾ ನುಂಗಿ ಕುಂತೈತಿ."

ಮರುದಿನ ಅವಳು ಮೊಬೈಲು ಹಿಡಿದು ಕಂಬ ಕಂಬ ಸುತ್ತಿದಳು. ಪ್ರತಿ ಫೋಟೋದಲ್ಲೂ ಕಳ್ಳನನ್ನು ತೋರಿಸುವಂತೆ ಒಣಗಿ ಗಟ್ಟಿಯಾದ ಒಂದು ಕಟಿ ರೊಟ್ಟಿ ಚಾಚಿದ್ದಳು. ರೊಟ್ಟಿಯ ತುದಿಯಲ್ಲಿ ಕ್ಯಾಮೆರಾ. ರೊಟ್ಟಿಯ ತುದಿಯಲ್ಲಿ, ಬುಡದ ಪುಟ್ಟ ಬಾಗಿಲೊಳಗೆ ಅಡಗಿದ್ದ ವೈಫೈ ಡಬ್ಬಿ. ಲಾಟೀನಿನೊಳಗೆ ಬತ್ತಿಯ ಬದಲು ಎಲ್ಇಡಿ, ಬಳ್ಳಿಯ ಚಿತ್ತಾರದ ಹಿಂದೆ ಸ್ಪೀಕರು. ಒಂದು ಸಿಂಹದ ಮೂಗಿಗೆ ರೊಟ್ಟಿ ತಾಗಿ ಬಣ್ಣ ಎದ್ದಿತು. ಕಬ್ಬಿಣವಲ್ಲ, ಬಿಳಿ ಪ್ಲಾಸ್ಟಿಕ್ಕು! ಎಲ್ಲವನ್ನೂ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಕಳಿಸಿ, ದನಿಯನ್ನೂ ಸೇರಿಸಿದಳು: "ಹೊರಗ ಥಳಕು, ಒಳಗ ಹುಳುಕು. ನೂರು ವರ್ಷದ ಮುದುಕನ ಹೊಟ್ಟ್ಯಾಗ ಏನೇನೈತಿ ನೋಡ್ರೆಪಾ."

ಶನಿವಾರ ಸಂಜೆಗೆ, ಹಿಡಿಯಬೇಕಾದ ಲೋಕಲ್ ಬಿಟ್ಟು ಬಂದ ಗಿರಾಕಿಗಳೆಲ್ಲ ಕಂಬಕ್ಕೆ ರೊಟ್ಟಿ ಹಿಡಿದು ಫೋಟೋ ತೆಗೆಯುತ್ತ ನಗುತ್ತಿದ್ದರು. ಆ ಗದ್ದಲದ ನಡುವೆ ಬಸವಂತರಾಯ ನೋಟೀಸು ಹಿಡಿದು ಬಂದ. ಮುಖ ಕೆಂಪಾಗಿತ್ತು.

"ಫೋಟೋ ಸಬ್ ಡಿಲೀಟ್ ಕರೋ!"

"ಮಾಡಂಗಿಲ್ರಿ ಸಾಹೇಬ್ರ. ನಿಮ್ಮ ಕಂಬಕ್ಕ ಕ್ಯಾಮೆರಾ ಬೇಕು, ನನಗ ಗ್ಯಾಸ್ ಒಲಿ ಬ್ಯಾಡ? ಈ ಓಣ್ಯಾಗ ಹಳೇದಂದ್ರ ನಾನು. ನಿನ್ನೆ ಬಂದ ಸೊಸಿ ಅತ್ತೀನ ಹೊರಗ ಹಾಕಿದಂಗಾತು ನಿಮ್ಮ ನ್ಯಾಯ!"

ಅವನು ಉತ್ತರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ದೀಪ ಹತ್ತಿತು.

ಸೋಮವ್ವನ ಕೈಗಳು ಮುಗಿದವು. ಬಸವಂತರಾಯನ ಕೈಗಳೂ ಮುಗಿದವು. ಯಾವ ಅಜ್ಜಿ ಕಲಿಸಿದ್ದಳೋ, ಕಣ್ಣು ಮುಚ್ಚಿ "ಶಿವಾ ನಮ್ಮಪ್ಪಾ" ಎಂದೂಬಿಟ್ಟ. ಎರಡು ಅಂಗೈಗಳ ನಡುವೆ ನೋಟೀಸು ನುಜ್ಜುಗುಜ್ಜಾಗಿತ್ತು.

ಕಣ್ಣು ಬಿಟ್ಟಾಗ ಎದುರಿಗೆ ಸೋಮವ್ವನ ಮೊಬೈಲು, ಅವನ ಎದೆಯತ್ತ ಚಾಚಿದ ರೊಟ್ಟಿ.

"ಯಕ್ಕಾ, ಅದೊಂದು ಫೋಟೋ ತೆಗಿ ಬ್ಯಾಡ," ಎಂದ, ಅಚ್ಚ ಕಲಬುರಗಿಯ ಕನ್ನಡದಲ್ಲಿ.

"ತೆಗದಾತು. ಇದನ್ನಂತೂ ಅಳಸಂಗಿಲ್ಲ, ತಮ್ಮಾ. ನೀ ತಂದ ಸಾಮಾನಿನಾಗ ಖರೇ ಹಳೇದು ಈ ಕೈಮುಗಿಯೂದೊಂದೇ."

ಅವನು ಮುದುಡಿದ ಕಾಗದವನ್ನು ಜೇಬಿಗೆ ತುರುಕಿಕೊಂಡು ನಡೆದ. ನಾಳೆ ಇನ್ನೊಂದು ತಂದಾನು, ತರಲಿ. ಸೋಮವಾರ ಬೆಳಿಗ್ಗೆ ಸೋಮವ್ವ ಒಲೆ ಹಚ್ಚಿದಳು, ಮೊದಲಿಗಿಂತ ಕಂಬಕ್ಕೆ ಒಂದು ಗೇಣು ಹತ್ತಿರವೇ.