ಕೊನೆಯವರು ಒಳಗೆ ಹೋದ್ರಾ

ಶವಪೆಟ್ಟಿಗೆ ಮೊದಲನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಡಿದಿದ್ದವರು ಆರು ಜನ, ಆರೂ ಜನ ಡ್ರೈವರ್‌ಗಳು, ಹಾಗಾಗಿ ಆರು ಥರದ ಸಲಹೆ ಬಂತು. ಸ್ವಲ್ಪ ಹಿಂದಕ್ಕೆ ತಗೊಂಡು ಎಡಕ್ಕೆ ಹೊಡೀರಿ ಎಂದ ಒಬ್ಬ. ಮುಂದೆ ಬೇಕಾದಷ್ಟು ಜಾಗ ಇದೆ, ಬರಲಿ ಬರಲಿ ಎಂದ ಇನ್ನೊಬ್ಬ. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಮಗಳಿಗೆ ಅಷ್ಟು ಅಳುವಿನ ನಡುವೆಯೂ ನಗು ಬಂತು. ಅಮ್ಮ ಇದ್ದಿದ್ದರೆ ಎಲ್ಲರ ಬಾಯಿ ಮುಚ್ಚಿಸಿ ಒಬ್ಬನನ್ನು ಮಾತ್ರ ಕೇಳುತ್ತಿದ್ದಳು. ಆ ಒಬ್ಬ ತಲೆಯ ಕಡೆ ಹಿಡಿದುಕೊಂಡು ಇಷ್ಟು ಹೊತ್ತೂ ಸುಮ್ಮನಿದ್ದ.

"ಕಾಲಿನ ಕಡೆ ಸ್ವಲ್ಪ ಎತ್ತಿ," ಎಂದ ಕೊನೆಗೆ. "ಇನ್ನೂ. ಹಾಂ. ಈಗ ತಿರುಗಿಸಿ. ನಿಧಾನ."

ಪೆಟ್ಟಿಗೆ ಗೋಡೆಗೆ ತಾಗದೆ ತಿರುಗಿತು.

ಅವನನ್ನು ಆಸ್ಪತ್ರೆಯಲ್ಲಿ ಎಲ್ಲರೂ ನಿಧಾನಪ್ಪ ಎನ್ನುತ್ತಿದ್ದರು. ಮೂತ್ರಪಿಂಡ ಕೆಟ್ಟವರನ್ನು ಬೆಳಿಗ್ಗೆ ಮನೆಯಿಂದ ಡಯಾಲಿಸಿಸ್‌ಗೆ ಕರೆತಂದು, ಮಧ್ಯಾಹ್ನ ವಾಪಸ್ ಬಿಡುವ ವ್ಯಾನು ಅವನದು. ಸೈಕಲ್ಲಿನವರೂ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಆಂಬುಲೆನ್ಸ್ ಓಡಿಸುವವರು ಚುಡಾಯಿಸಿದರೆ, ನಿಮ್ಮ ಗಾಡಿಯಲ್ಲಿರೋರಿಗೆ ಬೇಗ ಹೋಗಬೇಕು, ನನ್ನ ಗಾಡಿಯಲ್ಲಿರೋರಿಗೆ ವಾಂತಿ ಬರಬಾರದು, ಅಷ್ಟೇ ವ್ಯತ್ಯಾಸ ಎನ್ನುತ್ತಿದ್ದ.

ಪೆಟ್ಟಿಗೆಯಲ್ಲಿದ್ದವಳು ಕೀಲಿಯಕ್ಕ. ಮೂವತ್ತು ವರ್ಷ ಆಸ್ಪತ್ರೆಯ ಗಾಡಿಗಳ ಉಸ್ತುವಾರಿ ನೋಡಿಕೊಂಡವಳು. ಹನ್ನೊಂದು ಆಂಬುಲೆನ್ಸ್, ಒಂದು ಡಯಾಲಿಸಿಸ್ ವ್ಯಾನು, ಒಂದು ಶವವಾಹನ. ಹದಿಮೂರರ ಕೀಲಿಗಳೂ ಅವಳ ಮೇಜಿನ ಹಿಂದಿನ ಗೋಡೆಯಲ್ಲಿ ನೇತಾಡುತ್ತಿದ್ದವು. ಡ್ರೈವರ್‌ಗಳೆಲ್ಲ ಅಕ್ಕ ಎನ್ನುತ್ತಿದ್ದರಿಂದ ಅವಳ ಗಂಡ, ಪಾಪ ದರ್ಜಿ, ಇಡೀ ಗ್ಯಾರೇಜಿಗೆ ಭಾವನಾಗಿಬಿಟ್ಟಿದ್ದ. ಮದುವೆಯಾಗಿದ್ದು ಒಬ್ಬಳನ್ನ, ವರದಕ್ಷಿಣೆಯಾಗಿ ಬಂದಿದ್ದು ಹದಿಮೂರು ಜನ ಬಾಮೈದಂದಿರು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಇವತ್ತು ಅವನು ಬಾಗಿಲ ಬಳಿ ಕೋಟಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಾ ನಿಂತಿದ್ದ.

ರಸ್ತೆಯಲ್ಲಿ ಶವವಾಹನದ ಹಿಂಬಾಗಿಲು ತೆರೆದಿತ್ತು. ಪೆಟ್ಟಿಗೆ ಒಳಗಿಟ್ಟ ಮೇಲೆ ನಿಧಾನಪ್ಪ ವಾಚು ನೋಡಿಕೊಂಡ. ಹತ್ತು ಐವತ್ತು. ಇನ್ನೊಂದು ಗಂಟೆಗೆ ಡಯಾಲಿಸಿಸ್ ವಾರ್ಡಿನಲ್ಲಿ ಒಬ್ಬೊಬ್ಬರ ಸೂಜಿ ತೆಗೆಯಲು ಶುರುಮಾಡುತ್ತಾರೆ.

ಅವನ ಪಾಳಿ ಇವತ್ತಿತ್ತು. ಅಕ್ಕನ ಜಾಗಕ್ಕೆ ಬಂದ ಹೊಸ ಆಫೀಸರ್ ಒಳ್ಳೆಯ ಹುಡುಗ. ಅವನೇ ನಿನ್ನೆ ಕರೆದು, ನೀವು ಮಣ್ಣಿಗೆ ಹೋಗಲೇಬೇಕು, ಆರು ಜನ ಪೇಷಂಟ್‌ಗಳಿಗೆ ಬಾಡಿಗೆ ಕಾರು ಮಾಡಿಸಿದ್ದೀನಿ ಎಂದಿದ್ದ. ನಿಧಾನಪ್ಪ ಕೈ ಮುಗಿದಿದ್ದ. ರಾತ್ರಿಯೆಲ್ಲ ಸಮಾಧಾನವೂ ಆಗಿತ್ತು. ಈಗ ಅವನು ಆಫೀಸರ್ ಹತ್ತಿರ ಹೋಗಿ, ಮೇಷ್ಟ್ರನ್ನ ಬಿಡೋ ಕಾರಿನವನು ಅವರನ್ನ ಮೇಲೆ ಹತ್ತಿಸ್ತಾನಾ ಎಂದು ಕೇಳಿದ. ಆ ಆರು ಪೇಷಂಟ್‌ಗಳಲ್ಲಿ ಕೊನೆಗೆ ಇಳಿಯುವ ಮೇಷ್ಟ್ರು ಇರುವುದು ನಾಲ್ಕನೇ ಮಹಡಿ, ಮನೆಯಲ್ಲಿ ಇನ್ನೊಬ್ಬರಿಲ್ಲ, ಲಿಫ್ಟ್ ಕೆಟ್ಟು ಮೂರು ವಾರ. ಆಫೀಸರ್ ಅಲ್ಲೇ ಫೋನ್ ಹಚ್ಚಿದ. ಕಾರಿನವನು ಖಡಾಖಂಡಿತವಾಗಿ ಹೇಳಿಬಿಟ್ಟ: ಬಾಗಿಲ ತನಕ ಬಿಡ್ತೀನಿ, ಗಾಡಿ ರಸ್ತೆಯಲ್ಲಿ ಬಿಟ್ಟು ಮೆಟ್ಟಿಲು ಹತ್ತೋಕಾಗಲ್ಲ.

ನಿಧಾನಪ್ಪನ ಕೈ ಜೇಬಿಗೆ ಹೋಗಿ ವ್ಯಾನಿನ ಕೀಲಿಯನ್ನು ಹುಡುಕಿದ್ದನ್ನು ಮಗಳು ನೋಡಿದಳು.

•

ಹತ್ತೊಂಬತ್ತು ವರ್ಷಗಳ ಹಿಂದೆ, ವ್ಯಾನಿಗೆ ಬಂದ ಹೊಸತರಲ್ಲಿ, ನಿಧಾನಪ್ಪ ನಿಧಾನಪ್ಪನಾಗಿರಲಿಲ್ಲ. ಎಲ್ಲರನ್ನೂ ಚಕಚಕ ಇಳಿಸಿ ಗ್ಯಾರೇಜಿಗೆ ಬಂದು, ಎಲ್ಲಾ ಇಳಿದ್ರು ಅಕ್ಕಾ ಎಂದು ಹೇಳಿ ಚಹಾಕ್ಕೆ ಹೋಗುತ್ತಿದ್ದ. ಒಂದು ದಿನ ಗುಂಡಿ ಮಾರುವ ಅಂಗಡಿಯ ಅಜ್ಜಿಯನ್ನೂ ಹಾಗೇ ಕಟ್ಟಡದ ಬಾಗಿಲಲ್ಲಿ ಇಳಿಸಿ ಬಂದ. ಅಜ್ಜಿ ಎರಡನೇ ಮಹಡಿಯ ತಿರುವಿಗೆ ಹೋಗುವಷ್ಟರಲ್ಲಿ ಕಾಲು ಸೋತು ಕೂತುಬಿಟ್ಟಳು. ಸೂಜಿ ಚುಚ್ಚಿದ ಜಾಗ ಬಿಚ್ಚಿಕೊಂಡು ತೋಳೆಲ್ಲ ರಕ್ತ. ಪಕ್ಕದ ಮನೆಯವರು ಕೆಲಸ ಮುಗಿಸಿ ಬಂದು ನೋಡುವ ಹೊತ್ತಿಗೆ ಸಂಜೆಯಾಗಿತ್ತು.

ಅಜ್ಜಿ ಬದುಕಿದಳು. ಅವನನ್ನ ಬೈಬೇಡಿ, ಬಾಗಿಲ ತನಕ ಚೆನ್ನಾಗಿಯೇ ಬಿಟ್ಟ ಅಂತಲೂ ಹೇಳಿದಳು. ಆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಕೆಲಸ ಹೋಯಿತು ಅಂದುಕೊಂಡೇ ಅವನು ಮರುದಿನ ಬಂದದ್ದು. ಅಕ್ಕ ಕೀಲಿ ಎತ್ತಿಕೊಂಡು, ನಡಿ ಎಂದಳು. ಆ ಕಟ್ಟಡಕ್ಕೆ ಹೋದರು. ಅಜ್ಜಿ ಹತ್ತುವ ಹಾಗೆ ಹತ್ತು ಎಂದಳು ಅಕ್ಕ. ಒಂದು ಮೆಟ್ಟಿಲು, ಉಸಿರು, ಇನ್ನೊಂದು ಮೆಟ್ಟಿಲು. ತಿರುವಿನಲ್ಲಿ ಇಬ್ಬರೂ ಕೂತರು. ಐವತ್ತೆರಡು ಮೆಟ್ಟಿಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅವಳು ದನಿ ಏರಿಸಲೇ ಇಲ್ಲ.

"ಗಾಡಿಯಿಂದ ಇಳಿದ್ರು ಅಂದ್ರೆ ಮನೆ ಸೇರಿದ ಹಾಗಲ್ಲ," ಎಂದಳು ಮೇಲೆ ಹೋದ ಮೇಲೆ. "ಕೊನೆಯವರು ಒಳಗೆ ಹೋಗಿ ಕೂತ ಮೇಲೆ ನಂಗೆ ಫೋನ್ ಮಾಡು. ಅಲ್ಲಿ ತನಕ ನಾನು ಊಟ ಮಾಡಲ್ಲ."

ಅವನು ಇದನ್ನು ಬಾಯಿಮಾತು ಎಂದುಕೊಂಡ. ಎರಡು ದಿನ ಮಾಡಿ ಮೂರನೆಯ ದಿನ ಮರೆತ. ನಾಲ್ಕು ಗಂಟೆಗೆ ಗ್ಯಾರೇಜಿಗೆ ಬಂದರೆ ಅವಳ ಮೇಜಿನ ಮೇಲೆ ಊಟದ ಡಬ್ಬಿ ಮುಚ್ಚಳ ತೆಗೆಯದೆ ಕೂತಿತ್ತು. ಅವಳು ಟೈರಿನ ಗಾಳಿ ನೋಡುತ್ತಿದ್ದಳು. ಅವನ ಕಡೆ ತಿರುಗಿ, ಒಳಗೆ ಹೋದ್ರಾ ಎಂದಳು. ಹೋದ್ರು ಅಕ್ಕ ಎಂದ. ಸರಿ, ನೀನೂ ಊಟ ಮಾಡು ಎಂದು ಡಬ್ಬಿ ತೆಗೆದಳು. ಮತ್ತೆ ಅವನು ಮರೆಯಲಿಲ್ಲ.

•

"ಮಾಮ, ಇವತ್ತೂ ಗಾಡಿನಾ?" ಎಂದಳು ಮಗಳು.

ಅವನು ಕೀಲಿಯನ್ನು ಜೇಬಿಗೇ ಬಿಟ್ಟ. ಅವಳಿಗೆ ಕಾರು ಓಡಿಸಲು ಕಲಿಸಿದವನು, ಕಳೆದ ನಾಲ್ಕು ತಿಂಗಳು ಅಮ್ಮನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತಿ ಕೂರಿಸಿದವನು ಇವನೇ. ಅಮ್ಮನನ್ನು ಮಣ್ಣಿಗಿಳಿಸುವಾಗ ಇವನು ಇರಬೇಕು ಎಂದು ಅವಳಿಗೆ ಆಸೆ. ಆಸೆಯ ಜೊತೆಗೆ ಹಳೆಯ ಸಿಟ್ಟೂ ಇತ್ತು. ತನ್ನ ಹತ್ತನೇ ಹುಟ್ಟುಹಬ್ಬದ ದಿನ ಮೇಜಿನ ಮೇಲೆ ಎಲ್ಲ ಬಡಿಸಿಟ್ಟು ಮೂರು ಗಂಟೆ ತನಕ ಕಾದದ್ದು, ರಸ್ತೆಯಲ್ಲಿ ಮರ ಬಿದ್ದು ವ್ಯಾನು ಸಿಕ್ಕಿಕೊಂಡದ್ದು, ಅಮ್ಮ ಫೋನಿನ ಪಕ್ಕದಿಂದ ಅಲ್ಲಾಡದೇ ಇದ್ದದ್ದು ಅವಳಿಗೆ ಮರೆತಿರಲಿಲ್ಲ. ಕೊನೆಗೆ ಫೋನ್ ಬಂದು ಅಮ್ಮ ನಗುನಗುತ್ತಾ ಬರುವಷ್ಟರಲ್ಲಿ ಅವಳು ಅತ್ತು ಮಲಗಿಬಿಟ್ಟಿದ್ದಳು. ಯಾರದೋ ಮನೆಯ ಯಾರೋ ಮೆಟ್ಟಿಲು ಹತ್ತುವ ತನಕ ನಮ್ಮ ಮನೆಯ ಅನ್ನ ಆರಬೇಕಾ?

"ಇವತ್ತೊಂದು ದಿನ ಅಮ್ಮನ ಜೊತೆ ಇರಿ," ಎಂದಳು.

ನಿಧಾನಪ್ಪ ಸರಿ ಎಂದು ತಲೆಯಾಡಿಸಿದ. ಶವವಾಹನದ ಕಡೆ ಎರಡು ಹೆಜ್ಜೆ ಕೂಡ ಇಟ್ಟ. ಆಗ ದರ್ಜಿ ಕೋಟಿನ ಗುಂಡಿಯಿಂದ ಕೈ ತೆಗೆದು ಅವನ ಭುಜದ ಮೇಲಿಟ್ಟ.

"ಇಲ್ಲಿ ಹಿಡಿಯೋಕೆ ಇಷ್ಟು ಜನ ಇದ್ದಾರೆ ಮಾರಾಯ. ಅಲ್ಲಿ ಯಾರಿದ್ದಾರೆ? ನೀನು ಹೋಗು."

ನಿಧಾನಪ್ಪ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ, ಆಫೀಸರನ್ನು ಕರೆದು, ಅಲ್ಲಿ ಇಳಿಸುವಾಗ ನನ್ನ ಜಾಗದಲ್ಲಿ ನೀವು ಹಿಡೀರಿ ಸಾರ್, ತಲೆಯ ಕಡೆ ಸ್ವಲ್ಪ ಮೇಲಿರಲಿ ಎಂದ. ಮಗಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ತುಟಿ ಕಚ್ಚಿಕೊಂಡು ನೋಡಿದಳು.

•

ಸ್ಮಶಾನದಲ್ಲಿ ಎಲ್ಲ ಬೇಗ ಬೇಗ ಮುಗಿಯಿತು. ಮಾತಾಡುವವರು ಮಾತಾಡಿದರು. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯನ್ನು ಅಕ್ಕ ಆಂಬುಲೆನ್ಸಿನ ಸ್ಟ್ರೆಚರ್ ಮೇಲೆ ಮಲಗಿಸಿ, ಆಸ್ಪತ್ರೆ ಮುಂದಿನ ಗುಂಡಿಬಿದ್ದ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ, ಈಗ ಹೇಳಿ ಸಾರ್, ಹೊಸ ಸ್ಪ್ರಿಂಗ್ ಬೇಕೋ ಬೇಡವೋ ಎಂದದ್ದನ್ನು ಒಬ್ಬ ಹೇಳಿದ. ಎಲ್ಲರೂ ನಕ್ಕರು. ಆಫೀಸರ್ ತಲೆಯ ಕಡೆ ಹಿಡಿದು, ಹೇಳಿದಂತೆ ಸ್ವಲ್ಪ ಎತ್ತರಿಸಿಯೇ, ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಹಲಗೆಗಳ ಮೇಲಿಟ್ಟ. ಕೆಲಸದವರು ಅಡಿಯಲ್ಲಿ ಹಗ್ಗ ತೂರಿಸಿದರು. ಆಗ ಒಂದು ಗಂಟೆ.

ಮಗಳ ಕೈಯಲ್ಲಿ ಅಮ್ಮನ ಫೋನಿತ್ತು. ಬೆಳಿಗ್ಗೆಯಿಂದ ಸಂತಾಪದ ಕರೆಗಳಿಗೆಲ್ಲ ಅವಳೇ ಉತ್ತರಿಸಿದ್ದಳು. ಅದರ ಸದ್ದು ನಿಲ್ಲಿಸೋಣವೆಂದು ತೆಗೆದವಳು ಹಳೆಯ ಕರೆಗಳ ಪಟ್ಟಿ ನೋಡುತ್ತಾ ನಿಂತುಬಿಟ್ಟಳು. ನೆಂಟರ, ನೆರೆಯವರ ಹೆಸರುಗಳು ಮುಗಿದ ಮೇಲೆ ಒಂದೇ ಹೆಸರು ಕೆಳಗೆ ಕೆಳಗೆ ಹೋಗುತ್ತಲೇ ಇತ್ತು. ಊಟ, ಒಂದು ಎಂಟು. ಊಟ, ಒಂದು ಹನ್ನೆರಡು. ಊಟ, ಒಂದು ಹತ್ತು. ನಿಧಾನಪ್ಪನ ನಂಬರನ್ನು ಅಮ್ಮ ಹಾಗೆ ಬರೆದಿಟ್ಟುಕೊಂಡಿದ್ದಳು. ಕೆಲಸ ಬಿಟ್ಟು ಹಾಸಿಗೆ ಹಿಡಿದ ನಾಲ್ಕು ತಿಂಗಳೂ ಒಂದು ದಿನವೂ ತಪ್ಪಿರಲಿಲ್ಲ. ಯಾವುದೂ ಅರ್ಧ ನಿಮಿಷಕ್ಕಿಂತ ಹೆಚ್ಚಿರಲಿಲ್ಲ.

ಮೊನ್ನೆಯದು ಮಾತ್ರ ನಾಲ್ಕು ನಿಮಿಷ.

ಮೊನ್ನೆ ಅಮ್ಮನಿಗೆ ಮಾತು ನಿಂತಿತ್ತು. ಫೋನ್ ಬಂದಾಗ ಅವಳೇ ತೆಗೆದು ಅಮ್ಮನ ಕಿವಿಗಿಟ್ಟಿದ್ದಳು. ಕೊನೆಯವರು ಒಳಗೆ ಹೋದ್ರು ಅಕ್ಕ ಎಂಬುದು ಅವಳಿಗೂ ಕೇಳಿಸಿತ್ತು. ಅಮ್ಮನ ತುಟಿ ಅಲುಗಿತು, ದನಿ ಬರಲಿಲ್ಲ. ಅಮ್ಮ ಏನು ಹೇಳಲು ಒದ್ದಾಡುತ್ತಿದ್ದಾಳೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಮಾತದು. ಆದರೂ ಅವಳು ಹೇಳಲಿಲ್ಲ. ಈಗಲಾದರೂ ಸಾಕು ಮಾಡಬಾರದೇ ಎಂದು ಫೋನನ್ನು ದಿಂಬಿನ ಮೇಲೆ ಮಗುಚಿಟ್ಟು ಔಷಧಿ ತರಲು ಹೋದಳು. ಅವನು ನಾಲ್ಕು ನಿಮಿಷ ಕಾದಿದ್ದ.

ಮಗಳು ಫೋನಿನ ಸದ್ದು ನಿಲ್ಲಿಸದೆ ಹಾಗೇ ಕೈಯಲ್ಲಿ ಹಿಡಿದುಕೊಂಡಳು.

ಸ್ಮಶಾನದ ಮೇಲ್ವಿಚಾರಕ ಬಂದು, ಇಳಿಸೋಣವಾ ಎಂದು ಮೆಲ್ಲಗೆ ಕೇಳಿದ. ಒಂದೂವರೆಗೆ ಇನ್ನೊಂದಿದೆ ಎಂದೂ ಸೇರಿಸಿದ.

"ಸ್ವಲ್ಪ ಇರಿ," ಎಂದಳು ಮಗಳು. "ಒಂದು ಫೋನ್ ಬರಬೇಕು."

ದೂರದ ನೆಂಟರು ಮುಖ ಮುಖ ನೋಡಿಕೊಂಡರು. ಡ್ರೈವರ್‌ಗಳು ನೋಡಿಕೊಳ್ಳಲಿಲ್ಲ. ಒಬ್ಬ ದರ್ಜಿಗೆ ಕುರ್ಚಿ ತಂದ, ಅವನು ಕೂರಲಿಲ್ಲ. ಒಂದು ಹತ್ತಾಯಿತು. ಒಂದು ಹದಿನೈದಾಯಿತು. ಮೇಷ್ಟ್ರ ಮನೆಗೆ ಎಷ್ಟು ಮೆಟ್ಟಿಲು ಎಂದು ಆಫೀಸರ್ ಪಕ್ಕದವನನ್ನು ಪಿಸುದನಿಯಲ್ಲಿ ಕೇಳಿದ. ಅರವತ್ತೆಂಟು ಸಾರ್ ಎಂದ ಅವನು. ಮೇಲ್ವಿಚಾರಕ ಗೇಟಿನ ಕಡೆ ಎರಡು ಸಲ ನೋಡಿದ. ಒಂದು ಇಪ್ಪತ್ತೊಂದಕ್ಕೆ ಫೋನ್ ರಿಂಗಾಯಿತು. ಪರದೆಯ ಮೇಲೆ ಊಟ ಎಂದಿತ್ತು.

ಅವಳು ಎತ್ತಿದಳು. ಮೊದಲು ಏದುಸಿರು ಮಾತ್ರ ಕೇಳಿಸಿತು. ಅದರ ಹಿಂದೆ ಯಾರೋ ಮುದುಕರು ಕುರ್ಚಿ ಎಳೆದುಕೊಂಡು ಕೂತ ಸದ್ದು.

"ಕೊನೆಯವರು ಒಳಗೆ ಹೋದ್ರು ಅಕ್ಕ," ಎಂದ ನಿಧಾನಪ್ಪ.

"ಸರಿ," ಎಂದಳು ಮಗಳು. "ನೀನೂ ಊಟ ಮಾಡು."

ಅತ್ತ ಕಡೆಯಿಂದ ಫೋನ್ ಕಟ್ ಆಗಲಿಲ್ಲ. ಅವಳು ಮೇಲ್ವಿಚಾರಕನಿಗೆ ತಲೆಯಾಡಿಸಿದಳು. ಕೆಲಸದವರು ಹಲಗೆ ಸರಿಸಿ ಹಗ್ಗ ಹಿಡಿದರು. ಮಗಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತು, ಫೋನನ್ನು ಅಂಗೈಯಲ್ಲಿಟ್ಟು ಮುಂದಕ್ಕೆ ಚಾಚಿದಳು. ಹಗ್ಗ ಮರಕ್ಕೆ ಉಜ್ಜುವ ಸದ್ದು, ಯಾರೋ "ನಿಧಾನ, ನಿಧಾನ" ಎಂದದ್ದು, ಪೆಟ್ಟಿಗೆ ಹೋಗಿ ನೆಲ ಮುಟ್ಟಿದ್ದು, ಎಲ್ಲ ಮುಗಿಯುವ ತನಕ ಅವಳು ಹಾಗೆಯೇ ಹಿಡಿದುಕೊಂಡಿದ್ದಳು.