ತಿಥಿಯ ದಿನದಿಂದ

"ಒಂದು ತಿಂಗಳಿಂದ ಅಂತ ಹೇಳೇ ತುಂಗಾ" ಅಂದಳು ಅಮ್ಮಣ್ಣಕ್ಕ, ತಲೆ ಎತ್ತದೆ.

"ಒರು ಮಾಸಮಾ, ಡಾಕ್ಟರ್" ಅಂದೆ ನಾನು ತಮಿಳಿನಲ್ಲಿ. ಸುಳ್ಳು ಅವಳದಾದರೂ ಆಡಿದ ಬಾಯಿ ನನ್ನದು.

ಅಮ್ಮಣ್ಣಕ್ಕ ನನ್ನ ಓರಗಿತ್ತಿ, ಭಾವನವರ ಹೆಂಡತಿ. ನಾನು ಆ ಮನೆಗೆ ಕಾಲಿಟ್ಟ ವಾರದಲ್ಲೇ "ನನ್ನನ್ನ ನೀವು ಗೀವು ಅನ್ಬೇಡ ಕಣೇ, ಮುದುಕಿ ಆದ ಹಾಗಿರತ್ತೆ" ಅಂದು ಏಕವಚನ ಕಲಿಸಿದವಳು. ನಂಜನಗೂಡಿನಿಂದ ಮದ್ರಾಸಿನ ಪಕ್ಕದ ತಾಂಬರಕ್ಕೆ ಮದುವೆಯಾಗಿ ಬಂದು ಅರ್ಧ ಆಯುಸ್ಸು ಕಳೆದಿದ್ದರೂ ಅವಳ ತಮಿಳು ತರಕಾರಿಯವಳೊಡನೆ ಚೌಕಾಸಿ ಮಾಡುವಷ್ಟೇ. ಹೆಂಗಸರ ಕಾಯಿಲೆಯ ಮಾತು ಗಂಡಸರ ಬಾಯಲ್ಲಿ ಬರುವಂಥದ್ದಲ್ಲ ಅಂತ, ಮದ್ರಾಸಿನಲ್ಲೇ ಓದಿ ಬೆಳೆದ ನಾನು ಆಸ್ಪತ್ರೆಗೆ ಅವಳ ಬಾಯಾಗಿ ಬಂದಿದ್ದೆ. ಭಾವನವರು, ರೈಲ್ವೆಯ ನಂಜುಂಡಯ್ಯ, ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅರವತ್ತೆರಡನೆಯ ಇಸವಿಯ ಬೇಸಿಗೆ. ಫ್ಯಾನು ತಿರುಗುತ್ತಿದ್ದರೂ ಮೂವರೂ ಬೆವರುತ್ತಿದ್ದೆವು.

ಹಿಂದಿನ ವಾರ ಗರ್ಭಕೋಶದ ಒಳಗಿನಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಅಂತ ಬಂದಿತ್ತು. ಭಾವನವರು ಕೇಳಿದ್ದು ಒಂದೇ ಮಾತು: "ಉಳೀತಾಳಾ?"

ಡಾಕ್ಟರಮ್ಮ ಒಳ್ಳೆಯ ಹೆಂಗಸು, ಅವಸರವಿಲ್ಲದೆ ಹೇಳಿದರು. ರೋಗ ಒಳಪದರದಲ್ಲಷ್ಟೇ ಇದ್ದರೆ ಗರ್ಭಕೋಶ ತೆಗೆದು ಗುಣ ಮಾಡಬಹುದು. ಗೋಡೆಯೊಳಗೆ ಆಳಕ್ಕೆ ಇಳಿದಿದ್ದರೆ, ಅಕ್ಕಪಕ್ಕಕ್ಕೆ ಹಬ್ಬಿದ್ದರೆ ಕಷ್ಟ. ವಯಸ್ಸು, ಸಕ್ಕರೆ ಕಾಯಿಲೆ, ಕೆರೆದ ಚೂರಿನಲ್ಲಿ ಕಂಡ ಕೋಶಗಳ ಸ್ವಭಾವ, ರಕ್ತ ಕಾಣಿಸಿ ಎಷ್ಟು ಕಾಲವಾಯಿತು ಅನ್ನುವುದು, ಎಲ್ಲ ಸೇರಿಸಿಯೇ ಒಂದು ಅಂದಾಜು ಕಟ್ಟುವುದು. "ಒಂದೇ ತಿಂಗಳು ಅಂದ್ರೆ ಈ ವಾರವೇ ಆಪರೇಷನ್. ಹೆಚ್ಚು ಕಾಲ ಆಗಿದ್ರೆ ಮೊದಲು ಒಳಗೆ ರೇಡಿಯಂ ಇಟ್ಟು ರೋಗ ಸುಟ್ಟು, ಆಮೇಲೆ ಆಪರೇಷನ್. ಒಂದು ತಿಂಗಳಿಗೆ ಗರ್ಭಕೋಶ ಇಷ್ಟು ದಪ್ಪ ಆಗೋದು ನಾನು ನೋಡಿಲ್ಲ. ಇನ್ನೊಂದು ಸಲ ಸರಿಯಾಗಿ ಕೇಳಿ ಹೇಳಮ್ಮ" ಅಂದರು ತಮಿಳಿನಲ್ಲಿ.

ಕೇಳುವುದೇನಿತ್ತು ನನ್ನ ತಲೆ! ನನಗೆ ಗೊತ್ತಿತ್ತು.

ಕಳೆದ ಶ್ರಾವಣದಲ್ಲಿ ನಮ್ಮ ಮಾವನವರ ತಿಥಿ. ಹಾಳಾದ್ದು, ಅವತ್ತೇ ಬೆಳಗ್ಗೆ ನಾನು ಹೊರಗಾಗಿ ಹಿತ್ತಲ ಕೋಣೆಯಲ್ಲಿ ಕೂತೆ. ಅಕ್ಕನಿಗೆ ಮುಟ್ಟು ನಿಂತು ವರ್ಷಗಳೇ ಆಗಿದ್ದವು. ಅಡಿಗೆ ಪೂರ್ತಿ ಅವಳ ತಲೆಮೇಲೆ ಬಿತ್ತು. ಪುರೋಹಿತರು ಬಂದು ಕೂತಾಗಿತ್ತು, ವಡೆ ಕರಿಯುವ ವಾಸನೆ ಹಿತ್ತಲವರೆಗೆ ಬರುತ್ತಿತ್ತು. ಅಷ್ಟರಲ್ಲಿ ಅಕ್ಕ ಮಡಿಸೀರೆ ಬದಲಾಯಿಸಿಕೊಂಡು ಬಾವಿಕಟ್ಟೆಗೆ ಬಂದು ಮೊದಲಿನದನ್ನು ಬಿರಬಿರನೆ ಒಗೆದು ಹಿಂಡಿದಳು. ಕಲ್ಲಿನ ಮೇಲೆ ಕೆಂಪು ನೀರು ಹರಿಯಿತು. ನಾನು ನೋಡುತ್ತಿರುವುದು ಅವಳಿಗೆ ಕಂಡಿತು.

"ಈಳಿಗೆಮಣೆ ತಗುಲಿತು ಕಣೇ" ಅಂದಳು.

"ಅರಿಶಿನ ಹಚ್ಚು" ಅಂದೆ.

ಅವಳ ಎರಡು ಕೈಯೂ ನೆಟ್ಟಗಿದ್ದವು. ಅಲ್ಲಾ, ಆಗ ನಾನು ಬಾಯಿ ಬಿಡಬಾರದಿತ್ತೇ? ಬಿಟ್ಟಿದ್ದರೆ ತಿಥಿ ನಿಲ್ಲುತ್ತಿತ್ತು, ಭಾವನವರು ಮನೆ ತಲೆಕೆಳಗು ಮಾಡುತ್ತಿದ್ದರು. ಅವತ್ತೇ ಹೊರಗೆ ಕೂತ ದರಿದ್ರದವಳು ಅಂತ ಮೊದಲ ಬೈಗುಳ ನನಗೇ. ಸುಮ್ಮನಿದ್ದೆ. ಆಮೇಲೂ ರಕ್ತ ಬಂದು ಹೋಗುತ್ತಲೇ ಇತ್ತು, ಹಗ್ಗದ ತುದಿಯಲ್ಲಿ ಒಣಗುವ ಬಟ್ಟೆ ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು. ಅಕ್ಕ ಬಾಯಿ ಬಿಡಲಿಲ್ಲ. ಒಂದು ಸಲ ಮುಚ್ಚಿಟ್ಟಿದ್ದನ್ನು ಎರಡನೆಯ ಸಲ ಹೇಗೆ ಹೇಳುವುದು? ಹೇಳಿದರೆ ತಿಥಿಯ ದಿನದ್ದೂ ಹೊರಬೀಳುತ್ತದಲ್ಲ. ಮುಚ್ಚಿಡಲಾಗದಷ್ಟು ರಕ್ತ ಹೋದ ಮೇಲೇ ಆಸ್ಪತ್ರೆಗೆ ಬಂದದ್ದು.

"ಅಕ್ಕ, ನಿಜ ಹೇಳಿಬಿಡು" ಅಂದೆ ಮೆಲ್ಲಗೆ. "ಚಿಕಿತ್ಸೆಯೇ ಬೇರೆಯಾಗತ್ತಂತೆ."

"ಹೇಳಿದ್ನಲ್ಲ, ಒಂದು ತಿಂಗಳು." ಅವಳ ಕಣ್ಣು ಬಾಗಿಲ ಕಡೆ ಹೋಯಿತು. "ಅವರು ಇದಾರೆ ಕಣೇ" ಅಂದಳು ತುಟಿಯಲ್ಲೇ. "ಪಿತೃಕಾರ್ಯ ಕೆಡಿಸಿದೆ, ಅದಕ್ಕೇ ಇದು ಬಂದಿದೆ. ನಾನು ಸತ್ತರೆ ಸಾಯ್ತೀನಿ. ಅವರಿಗೆ ಗೊತ್ತಾಗೋದು ಬೇಡ."

ಅಯ್ಯೋ, ನನಗೆ ಎಲ್ಲಿತ್ತೋ ಸಿಟ್ಟು! ಅವಳ ಮೇಲೆ, ಭಾವನವರ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ.

"ಡಾಕ್ಟರ್, ಒಂದು ತಿಂಗಳಲ್ಲ" ಅಂದೆ ತಮಿಳಿನಲ್ಲಿ. ಆಮೇಲೆ ಭಾವನವರ ಕಡೆ ತಿರುಗಿ ಕನ್ನಡದಲ್ಲೂ ಹೇಳಿದೆ, ಅವರಿಗೆ ಕೇಳಲಿ ಅಂತಲೇ. "ಮಾವನವರ ತಿಥಿಯ ದಿನದಿಂದ ಬರ್ತಿದೆ ಭಾವ. ಅವತ್ತು ಅಡಿಗೆ ಮಾಡಿದ್ದೂ ಅಕ್ಕನೇ. ನಾನು ಕಣ್ಣಾರೆ ನೋಡಿ ಸುಮ್ಮನಿದ್ದೆ. ಬೈಯೋದಿದ್ರೆ ನನ್ನನ್ನ ಬೈಯಿರಿ."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಊರಿಗೆಲ್ಲ ಮಡಿ ಹೇಳುವ ಮನುಷ್ಯ ಈಗ ಸಿಡಿಯುತ್ತಾರೆ ಅಂತ ನಾನು ಸೆಟೆದು ನಿಂತೆ.

ಭಾವನವರು ಸಿಡಿಯಲಿಲ್ಲ. ಟೋಪಿಯ ಅಂಚನ್ನು ತಿರುಗಿಸುತ್ತ ನಿಂತರು.

"ನನಗೆ ಗೊತ್ತು" ಅಂದರು.

ಅಕ್ಕ ಸೆರಗು ಇಳಿಸಿದಳು.

"ನೀನು ಎಲೆ ಹಾಕೋಕೆ ಬಗ್ಗಿದಾಗ ಸೀರೆ ಮೇಲೆ ಕಂಡ್ತು. ಆಮೇಲೆ ಸೀರೆ ಬದಲಾಯಿಸಿಕೊಂಡು ಬಂದೆ. ಅದೂ ಕಂಡ್ತು."

"ನೋಡಿದ್ರಾ?" ಅಕ್ಕನ ದನಿ ಒಡೆದುಹೋಗಿತ್ತು. "ಇಷ್ಟು ದಿನ ನಿಮಗೆ ಹೆದರಿ ಹೆದರಿ ಸತ್ತೆನಲ್ರೀ ನಾನು! ಏನೇ ಇದು ಅಂತ ಒಂದು ಮಾತು ಕೇಳೋಕೆ ಆಗ್ಲಿಲ್ವಾ ನಿಮಗೆ?"

ಡಾಕ್ಟರಮ್ಮ ನಮ್ಮ ಮೂವರ ಮುಖವನ್ನೂ ನೋಡುತ್ತ ಕಾಯುತ್ತಿದ್ದರು. ಭಾವನವರ ಕಣ್ಣಲ್ಲಿ ನೀರು ತುಂಬಿತ್ತು. ಅವರ ಕಣ್ಣಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು.

"ಕೇಳಿದ್ದಿದ್ರೆ ನೀನು ಹೌದು ಅಂತಿದ್ದೆ" ಅಂದರು. "ಆಮೇಲೆ ಬ್ರಾಹ್ಮಣರನ್ನ ಎಲೆ ಮುಂದಿಂದ ಎಬ್ಬಿಸಬೇಕಾಗ್ತಿತ್ತು."